ಹಳೆಯ ಛೇದದ ಮೇಲೆ ನಿಂತ ನಗರಾಡಳಿತ

ಒಂದು ಊರಿನಲ್ಲಿ ಡೆಂಗಿ ಎಷ್ಟು ಹರಡಿದೆ ಎಂದು ಹೇಳಲು ರೋಗಿಗಳ ಲೆಕ್ಕವೊಂದೇ ಸಾಲದು, ಊರಿನ ಜನಸಂಖ್ಯೆಯೂ ಗೊತ್ತಿರಬೇಕು. ನೂರು ರೋಗಿಗಳಿರುವ ಊರಿನ ಜನಸಂಖ್ಯೆ 50,000 ಆದರೆ ಲಕ್ಷಕ್ಕೆ 200ರ ಪ್ರಮಾಣ. 80,000 ಆದರೆ 125. ಅಂಶ ಅದೇ, ಛೇದ ಬೇರೆ. ವೃತ್ತಿಜೀವನವಿಡೀ ಇಂಥ ಲೆಕ್ಕಗಳೊಡನೆ ಏಗಿದ ನನಗೆ ಕರ್ನಾಟಕದ ನಗರಾಡಳಿತದ ಕಾಯ್ದೆಗಳನ್ನು ಓದುವಾಗಲೂ ಕಣ್ಣು ಮೊದಲು ಛೇದದ ಮೇಲೆಯೇ ಬೀಳುತ್ತದೆ. ಅಲ್ಲಿರುವ ದೋಷ ಸಣ್ಣದಲ್ಲ.

ನಮ್ಮಲ್ಲಿ ಊರಿನ ದರ್ಜೆ ನಿಂತಿರುವುದು ಮುಖ್ಯವಾಗಿ ತಲೆ ಎಣಿಕೆಯ ಮೇಲೆ. 1964ರ ಪುರಸಭೆಗಳ ಕಾಯ್ದೆಯ ಪ್ರಕಾರ 10,000ದಿಂದ 20,000 ಜನರಿದ್ದರೆ ಪಟ್ಟಣ ಪಂಚಾಯಿತಿ, 50,000ದವರೆಗೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ಅದನ್ನೂ ದಾಟಿದರೆ 1976ರ ಕಾಯ್ದೆಯಂತೆ ಮಹಾನಗರ ಪಾಲಿಕೆಯಾಗಬಹುದು. ಜನಸಾಂದ್ರತೆ, ಕೃಷಿಯೇತರ ಉದ್ಯೋಗದ ಷರತ್ತುಗಳೂ ಇವೆ. ಆದರೆ ‘ಜನಸಂಖ್ಯೆ’ ಎಂದರೆ ಯಾವುದು? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಇದಕ್ಕೆ ಉತ್ತರ ಕೊಟ್ಟಿದೆ: ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಸಂಖ್ಯೆ. ಹತ್ತು ವರ್ಷಕ್ಕೊಮ್ಮೆ ಗಣತಿ ತಪ್ಪದು ಎಂಬ ನಂಬಿಕೆಯಲ್ಲಿ ಬರೆದ ಮಾತದು.

ಆ ನಂಬಿಕೆ ಸುಳ್ಳಾಯಿತು. ಕೋವಿಡ್ ಕಾಲದಲ್ಲಿ ಮುಂದೂಡಿದ 2021ರ ಗಣತಿ ಈಗ 2027ರ ಮಾರ್ಚ್ 1ಕ್ಕೆ ಗೊತ್ತಾಗಿದೆ. 2011ರ ಗಣತಿ ಮುಗಿದ ಮರುದಿನ ಹುಟ್ಟಿದ ಮಗು ಆಗ ಹದಿನಾರು ವರ್ಷದ್ದಾಗಿರುತ್ತದೆ. ಅಲ್ಲಿಯವರೆಗೂ ಅದು ತನ್ನ ಊರಿನ ಲೆಕ್ಕದಲ್ಲಿಲ್ಲ.

ಇದು ಕಾಗದದ ಮೇಲಿನ ತಕರಾರಲ್ಲ. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡದಂತೆ 50,000 ಜನರಿಗೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು. 2011ರಲ್ಲಿ 45,000 ಇದ್ದ ಊರು ಇಂದು 60,000ಕ್ಕೆ ಬೆಳೆದಿದ್ದರೂ ಗಣತಿಯ ಪ್ರಕಾರ ಅದಿನ್ನೂ ಆ ಗೆರೆಯ ಕೆಳಗಿದೆ. ಲಸಿಕೆ, ಕುಡಿಯುವ ನೀರು, ಪೌರಕಾರ್ಮಿಕರ ಹುದ್ದೆ, ಎಲ್ಲಕ್ಕೂ ಈ ಛೇದವೇ ಆಧಾರವಾದರೆ ಕೊರತೆಯೇ ಕಾಣಿಸುವುದಿಲ್ಲ. ಬೆಂಗಳೂರನ್ನೇ ನೋಡಿ. 2011ರ 84.43 ಲಕ್ಷ ಜನರನ್ನು 198 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಸುಮಾರು 42,600. ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದರು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆಯುವಾಗಲೂ ಕೈಯಲ್ಲಿದ್ದದ್ದು 2011ರ ಗಣತಿಯೇ.

ಸಂಖ್ಯೆಯನ್ನೇ ಇಷ್ಟು ಹಚ್ಚಿಕೊಳ್ಳಬೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮೆಕ್ಸಿಕೋ ದೇಶದ ವಹಾಕಾ ರಾಜ್ಯದಲ್ಲಿ ಸುಮಾರು 41 ಲಕ್ಷ ಜನರಿಗೆ 570 ಸ್ಥಳೀಯ ಸಂಸ್ಥೆಗಳಿವೆ. ಸುಮಾರು 38 ಲಕ್ಷ ಜನರಿರುವ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಈಗ 7 ಮಾತ್ರ. ಆಡಳಿತದ ಆಕಾರವನ್ನು ಇತಿಹಾಸ, ಭೂಗೋಳ, ಸಮುದಾಯಗಳ ಸಂಪ್ರದಾಯಗಳೂ ನಿರ್ಧರಿಸುತ್ತವೆ. ಆದರೆ ಆ ದೇಶದ ಗಣತಿ 2020ರಲ್ಲಿ ನಡೆದಿದೆ. ಆಕಾರ ಯಾವುದೇ ಇರಲಿ, ಲೆಕ್ಕ ಹಳಸಬಾರದು.

ಇನ್ನು ನಾವಿರುವ ತಾಯಿಫ್ ಮಾತು. 2022ರ ಸೌದಿ ಗಣತಿ ನಮ್ಮನ್ನೂ ಎಣಿಸಿತು. ದೇಶದ ಜನಸಂಖ್ಯೆಯಲ್ಲಿ ಶೇಕಡಾ 41.6 ಮಂದಿ ವಿದೇಶಿಯರು. ಆದರೆ 2005, 2011, 2015ರ ಇಲ್ಲಿನ ಪೌರಸಭಾ ಚುನಾವಣೆಗಳಲ್ಲಿ ಮತ ಹಾಕಿದವರು ದೇಶದ ನಾಗರಿಕರು ಮಾತ್ರ. ಇಲ್ಲಿ ನಮಗೆ ಲೆಕ್ಕ ಉಂಟು, ಮತವಿಲ್ಲ. ಊರಿನಲ್ಲಿರುವ ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ಹದಿನೆಂಟು ತುಂಬಿದರೆ ಮತವುಂಟು, ತಾಜಾ ಲೆಕ್ಕವಿಲ್ಲ. ನಮ್ಮಲ್ಲಿ ಬಹುತೇಕರು ಒಂದು ದಿನ ಮಧುಮೇಹ, ರಕ್ತದೊತ್ತಡಗಳ ಚೀಟಿ ಹಿಡಿದು ಅದೇ ಊರಿಗೆ ಮರಳುವವರು. ಆಗ ನಲ್ಲಿಯ ಮುಂದೆ, ಆರೋಗ್ಯ ಕೇಂದ್ರದ ಸಾಲಿನಲ್ಲಿ ನಾವೂ ಲೆಕ್ಕಕ್ಕೆ ಸಿಗದ ಜನ.

ಪರಿಹಾರ ದೂರವಿಲ್ಲ. ಜನನ ಮರಣ ನೋಂದಣಿ 1969ರ ಕಾಯ್ದೆಯಂತೆ ಕಡ್ಡಾಯ. ಆಸ್ತಿ ತೆರಿಗೆಯ ಪಟ್ಟಿ, ನೀರಿನ ಸಂಪರ್ಕಗಳ ಪಟ್ಟಿ ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇರುತ್ತವೆ. ಇವುಗಳಿಂದ ವರ್ಷಕ್ಕೊಮ್ಮೆ ವಾರ್ಡುವಾರು ಅಂದಾಜು ತಯಾರಿಸಿ, ಸೇವೆ ಮತ್ತು ಸಿಬ್ಬಂದಿಯ ಮಟ್ಟಿಗಾದರೂ ಬಳಸಲಿ. ಕ್ಷೇತ್ರ ವಿಂಗಡಣೆಯಂಥ ರಾಜಕೀಯ ಕೆಲಸಕ್ಕೆ ಮಾತ್ರ ಗಣತಿಯನ್ನೇ ಕಾಯಲಿ. ಆದರೆ ಆ ನೆಪದಲ್ಲಿ ಚುನಾವಣೆ ನಿಲ್ಲದಿರಲಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ವಾರ್ಡಿನ ಸದಸ್ಯರನ್ನೋ, ಅವರಿಲ್ಲದಿದ್ದರೆ ಮುಖ್ಯಾಧಿಕಾರಿಯನ್ನೋ ಕಂಡು ಇಷ್ಟು ಕೇಳಿ: ಈಗ ಈ ವಾರ್ಡಿನಲ್ಲಿ ಎಷ್ಟು ಜನರಿದ್ದಾರೆ, ಆ ಸಂಖ್ಯೆ ಯಾವ ವರ್ಷದ್ದು?