ಗುರಿ ಹುಳುವಿನ ಕರುಳು
ಕುರಿಯ ನಾಲ್ಕನೇ ಜಠರದಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹಿಮಾಂಕಸ್ ಹೆಣ್ಣುಹುಳುವನ್ನು ಹತ್ತಿರದಿಂದ ನೋಡಬೇಕು: ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಎಡಿನ್‌ಬರೋ ಬಳಿಯ ಮೊರೆಡನ್ ಸಂಸ್ಥೆಯ ವಿಜ್ಞಾನಿಗಳು ಕಣ್ಣಿಟ್ಟಿದ್ದು ಆ ಕರುಳಿನ ಮೇಲೆಯೇ. ಅದರ ಒಳಪದರದ ಪ್ರೋಟೀನುಗಳನ್ನು ಬೇರ್ಪಡಿಸಿ ಕುರಿಗೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತವನ್ನು ಹುಳು ತಾನಾಗಿಯೇ ಕುಡಿಯುತ್ತದೆ! ಜೀರ್ಣಶಕ್ತಿ ಕೆಟ್ಟು ಸೊರಗುತ್ತದೆ, ಇಡುವ ಮೊಟ್ಟೆಗಳೂ ತೀರಾ ಕಡಿಮೆಯಾಗುತ್ತವೆ. ಎಂಥ ಜಾಣ್ಮೆಯ ಕೆಲಸ ಇದು! ಈ ಲಸಿಕೆ 2014ರಲ್ಲಿ ಬಾರ್ಬರ್‌ವ್ಯಾಕ್ಸ್ ಹೆಸರಿನಲ್ಲಿ ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂತು. ಸಹಜ ಸೋಂಕಿನಲ್ಲಿ ಕುರಿಯ ದೇಹಕ್ಕೆ ಈ ಪ್ರೋಟೀನುಗಳ ಗುರುತು ಸಿಗದ ಕಾರಣ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಡಬೇಕು, ನಿಜ. ಆದರೆ ಜಂತುನಾಶಕ ಔಷಧಿಗಳಿಗೆ ಜಗ್ಗದ ಹುಳುಗಳೂ ಇದಕ್ಕೆ ಜಗ್ಗುತ್ತವೆ.