ಪ್ರವಾಸಪ್ರಹಸನವೊಂದರಲ್ಲಿ ರೌದ್ರಾಭಾಸ

ಹಾಸ್ಯರಸವನ್ನು ಕುರಿತು ನಮ್ಮ ಆಲಂಕಾರಿಕರು ಆಡಿರುವ ಮಾತುಗಳು ಪ್ರಾಚೀನ ರೂಪಕಗಳಿಗೆ ಮಾತ್ರ ಸಲ್ಲತಕ್ಕವೆಂದೂ, ಟೆಲಿವಿಷನ್ನಿನ ವಿನೋದಗಳಿಗೆ ಅವನ್ನು ಅನ್ವಯಿಸುವುದು ವ್ಯರ್ಥಶ್ರಮವೆಂದೂ ಭಾವಿಸುವವರುಂಟು. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು. ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯು 1955-56ರಲ್ಲಿ ಪ್ರಸಾರ ಮಾಡಿದ ‘ದಿ ಹನಿಮೂನರ್ಸ್’ ಎಂಬ ಮಾಲೆಯ 39 ಕಂತುಗಳಲ್ಲಿ, 1956ರ ಮೇ ತಿಂಗಳಿನ ‘ಅನ್‌ಕನ್ವೆನ್ಷನಲ್ ಬಿಹೇವಿಯರ್’ ಎಂಬುದು ಒಂದು. ಹೆಸರಿನಲ್ಲಿಯೇ ಶ್ಲೇಷೆಯಿದೆ: ‘ಕನ್ವೆನ್ಷನ್’ ಎಂದರೆ ರೂಢಿ, ಸಮ್ಮೇಳನವೂ ಹೌದು.

ಇದರ ಕಥಾವಸ್ತು ಅತಿ ಸರಳವಾದುದು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿರುವ ರಾಲ್ಫ್ ಕ್ರಾಮ್ಡೆನ್ ಬಸ್ಸಿನ ಚಾಲಕ, ಸ್ಥೂಲಕಾಯನು, ಮುಂಗೋಪಿ. ಅವನ ಮೇಲಂತಸ್ತಿನಲ್ಲಿರುವ ಎಡ್ ನಾರ್ಟನ್ ಊರಿನ ಒಳಚರಂಡಿಯಲ್ಲಿ ದುಡಿಯುವವನು. ಯಾವ ಮಾತಿಗೂ ಕದಡದ ಸಮಾಧಾನಚಿತ್ತನು. ಮೊದಲನೆಯವನ ಪಾತ್ರವನ್ನು ಜಾಕಿ ಗ್ಲೀಸನ್ನನೂ, ಎರಡನೆಯವನದನ್ನು ಆರ್ಟ್ ಕಾರ್ನಿಯೂ ಅಭಿನಯಿಸಿದ್ದಾರೆ. ‘ರಕೂನ್’ ಎಂಬ ತಮ್ಮ ಗೆಳೆಯರ ಸಂಘದ ಸಮ್ಮೇಳನಕ್ಕಾಗಿ ಇವರಿಬ್ಬರೂ ಮಿನಿಯಾಪೊಲಿಸ್ ನಗರಕ್ಕೆ ರೈಲಿನಲ್ಲಿ ಹೊರಡುತ್ತಾರೆ. ಅಲ್ಲಿ ತಮಾಷೆಗೆಂದು ನಾರ್ಟನ್ ಕೊಂಡುತಂದ ವಸ್ತುಗಳಲ್ಲಿ ಕೈಕೋಳವೂ ಒಂದು. ದಾರಿಯಲ್ಲಿ ಅದು ಇಬ್ಬರ ಕೈಗಳನ್ನೂ ಒಂದುಗೂಡಿಸಿಬಿಡುತ್ತದೆ. ಬಿಡಿಸಿಕೊಳ್ಳುವ ಉಪಾಯ ತೋರುವುದಿಲ್ಲ. ಆ ಸ್ಥಿತಿಯಲ್ಲಿಯೇ ಮಲಗುವ ಬರ್ತುಗಳಲ್ಲಿ ನಿದ್ರಿಸಲು ಯತ್ನಿಸುತ್ತಾರೆ.

ಪ್ರವಾಸಕಥೆಯಲ್ಲಿ ಕವಿಗೆ ದೊರೆಯುವ ಲಾಭ ಸಾಮಾನ್ಯವಾಗಿ ಸ್ಥಳವೈವಿಧ್ಯ. ಇಲ್ಲಿ ಅದು ವಿಪರೀತವಾಗಿದೆ. ಮಾಲೆಯ ಬಹುಭಾಗವು ರಾಲ್ಫನ ಮನೆಯ ಒಂದೇ ಬಡಕೋಣೆಯಲ್ಲಿ ನಡೆಯತಕ್ಕದ್ದು. ಆ ಕೋಣೆಗೆ ಒಂದು ಬಾಗಿಲಿದೆ. ಕೋಪ ಮಿತಿಮೀರಿದಾಗ ರಾಲ್ಫನು ನಾರ್ಟನ್ನನನ್ನು ಆ ಬಾಗಿಲಿನಿಂದ ಹೊರಗಟ್ಟುವುದು ವಾಡಿಕೆ. ಹೊರಹೋದವನು ಮತ್ತೆ ಬರುತ್ತಾನೆ, ಸ್ನೇಹ ಮುಂದುವರಿಯುತ್ತದೆ. ಪ್ರಯಾಣದಿಂದ ಲೋಕ ವಿಶಾಲವಾಗಬೇಕಾಗಿತ್ತು. ಆದರೆ ಕೋಳ ಬಿದ್ದೊಡನೆ ಅದು ಆ ಬಡಕೋಣೆಗಿಂತಲೂ ಕಿರಿದಾಯಿತು. ಬಾಗಿಲಿಲ್ಲದ ಸ್ನೇಹ ಬಾಳೀತೆ? ಪ್ರಹಸನವು ಎತ್ತುವ ನಿಜವಾದ ಪ್ರಶ್ನೆ ಇದೇ.

ಈಗ ರಸದ ವಿಚಾರ. ಹಾಸ್ಯವು ಶೃಂಗಾರದಿಂದ ಹುಟ್ಟುವುದೆಂದು ಭರತಮುನಿಯ ಮತ. ಇದನ್ನು ವಿಸ್ತರಿಸಿದ ಅಭಿನವಗುಪ್ತನು, ಶೃಂಗಾರದ ಆಭಾಸವೊಂದೇ ಅಲ್ಲ, ಯಾವ ರಸದ ಆಭಾಸವಾದರೂ ಹಾಸ್ಯಕ್ಕೆ ಕಾರಣವಾಗಬಲ್ಲದೆಂದು ತೋರಿಸಿದನು. ರಾಲ್ಫನಲ್ಲಿ ರೌದ್ರದ ಸ್ಥಾಯಿಯಾದ ಕ್ರೋಧ ಪೂರ್ಣವಾಗಿಯೇ ಇದೆ. ಕಣ್ಣರಳಿಸುವುದು, ಗರ್ಜಿಸುವುದು ಮೊದಲಾದ ಅನುಭಾವಗಳಿಗೂ ಕೊರತೆಯಿಲ್ಲ. ಆದರೆ ಹೊಡೆಯಲು ಎತ್ತಬೇಕಾದ ಕೈಗೆ ಶತ್ರುವಿನ ಕೈಯೇ ಕಟ್ಟಿದೆ. ಅವನನ್ನು ಎಳೆದರೆ ತಾನೂ ಎಳೆಯಲ್ಪಡುವನು. ಅವನ ನಿದ್ರೆ ಕೆಡಿಸಿದರೆ ತನ್ನ ನಿದ್ರೆಯೂ ಕೆಡುವುದು. ಕ್ರೋಧವು ಕಾರ್ಯಕ್ಕೆ ದಾರಿಯಿಲ್ಲದೆ ತಿರುಗಿ ತನ್ನ ಮೇಲೆಯೇ ಬೀಳುವಾಗ ರೌದ್ರವು ಆಭಾಸವಾಗಿ, ಹಾಸ್ಯ ಸಿದ್ಧಿಸುತ್ತದೆ.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಭರತನು ಹಾಸ್ಯದ ಆರು ಭೇದಗಳಲ್ಲಿ ಸ್ಮಿತ-ಹಸಿತಗಳನ್ನು ಉತ್ತಮರಿಗೂ, ವಿಹಸಿತ-ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ-ಅತಿಹಸಿತಗಳನ್ನು ಅಧಮರಿಗೂ ವಿಧಿಸಿರುವನು. ಎಳೆದಾಟ, ಬೀಳಾಟಗಳಿಂದ ಅಟ್ಟಹಾಸ ಬರಿಸುವ ಈ ಆಟವು ಕೊನೆಯ ತರಗತಿಗೆ ಸೇರಿದುದಲ್ಲವೆ? ನಮ್ಮ ಸಮಾಧಾನವಿಷ್ಟು: ಆ ವಿಭಾಗವು ನಗುವವರ ಪ್ರಕೃತಿಯನ್ನು ಕುರಿತದ್ದೇ ಹೊರತು ಕೃತಿಯ ಯೋಗ್ಯತೆಯನ್ನು ಅಳೆಯುವ ಕೋಲಲ್ಲ. ನಗುವಿನ ಸದ್ದನ್ನು ನೋಡದೆ ಅದರ ಕಾರಣವನ್ನು ನೋಡಬೇಕು. ಇಲ್ಲಿ ಕಾರಣವು ಅಂಗವೈಕಲ್ಯವಲ್ಲ, ಬಡತನವೂ ಅಲ್ಲ. ಒಬ್ಬರನ್ನೊಬ್ಬರು ಸಹಿಸಲಾರದೆಯೂ ಬಿಟ್ಟಿರಲಾರದೆಯೂ ಇರುವ ಇಬ್ಬರ ಸಂಬಂಧ. ಕೋಳವು ಆ ಸಂಬಂಧವನ್ನು ಹೊಸದಾಗಿ ಉಂಟುಮಾಡಲಿಲ್ಲ. ಮೊದಲಿನಿಂದ ಇದ್ದುದನ್ನು ಕಣ್ಣಿಗೆ ಕಾಣಿಸಿತು.

ದೋಷವಿಲ್ಲವೆಂದಲ್ಲ. ಕೋಳದ ಅನರ್ಥವು ನಾರ್ಟನ್ನನ ಹುಡುಗಾಟದ ಸ್ವಭಾವದಿಂದ ಸಹಜವಾಗಿ ಒದಗಿದೆ. ಅದು ಸಾಲದೆಂಬಂತೆ, ಅವರು ಏರಿರುವ ರೈಲು ಮಿನಿಯಾಪೊಲಿಸ್ಸಿಗೆ ಹೋಗತಕ್ಕದ್ದಲ್ಲ, ವರ್ಜೀನಿಯದ ನಾರ್ಫೋಕಿಗೆ ಎಂಬ ಸಂಗತಿ ಹೊರಬೀಳುತ್ತದೆ. ಇದು ಆಕಸ್ಮಿಕದ ಮೇಲೆ ಹೆಚ್ಚು ಭಾರ ಹೊರಿಸಿದಂತೆ ತೋರುವುದು. ಆದರೂ ಪ್ರಯೋಜನವಿಲ್ಲದೆ ಇಲ್ಲ. ದಿನವೂ ಬಸ್ಸು ನಡೆಸಿ ಊರವರನ್ನೆಲ್ಲ ಸರಿಯಾದ ಸ್ಥಳಕ್ಕೆ ಮುಟ್ಟಿಸುವವನು, ತಾನು ಪ್ರಯಾಣಿಕನಾದಾಗ ದಾರಿತಪ್ಪಿದನು. ಸಮ್ಮೇಳನ ಹೋಯಿತು, ಉತ್ಸವ ಹೋಯಿತು, ಉಳಿದದ್ದು ಜೊತೆಗಾರನೊಬ್ಬನೇ. ಫಲಾಗಮವಿಲ್ಲದ ಈ ಪ್ರಯಾಣದಲ್ಲಿ ಸಹಪ್ರಯಾಣವೇ ಫಲವೆಂದು ಸಹೃದಯರು ಗ್ರಹಿಸಬಹುದಾಗಿದೆ.