ಹುಟ್ಟನ್ನು ಆರಿಸಿಕೊಳ್ಳುವ ಆಟ, ಹುಟ್ಟನ್ನು ಹೊತ್ತು ಆಡುವ ಆಟ

ಕಂಪ್ಯೂಟರ್ ಆಟದ ಬಗ್ಗೆ ನಮ್ಮಂಥ ಪತ್ರಿಕೆಯಲ್ಲಿ ವಿಮರ್ಶೆ ಯಾಕೆ ಎಂದು ಕೆಲವು ಗೆಳೆಯರು ಹುಬ್ಬೇರಿಸಬಹುದು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬಯಲಾಟವನ್ನೂ 'ಆಟ' ಅಂತಲೇ ಕರೀತಾರೆ. ಆ ಆಟದಲ್ಲಿ ಕಿರೀಟ ಯಾರ ತಲೆಗೆ, ದೀವಟಿಗೆ ಯಾರ ಕೈಗೆ ಎಂದು ಕೇಳಿದವರು ನಾವು. ಇವತ್ತು ಹಾಸ್ಟೆಲಿನ ಹುಡುಗರು ರಾಜ, ರಾಕ್ಷಸ, ಮಾಟಗಾರರ ಕತೆಗಳಲ್ಲಿ ರಾತ್ರಿ ಕಳೆಯುವುದು ಬಯಲಲ್ಲಲ್ಲ, ಪರದೆಯ ಮುಂದೆ. ಹಾಗಾಗಿ ಅದೇ ಪ್ರಶ್ನೆಯನ್ನು ಈ ಆಟಗಳಿಗೂ ಹಾಕಬೇಕಾಗಿದೆ.

ಎರಡು ಆಟಗಳನ್ನು ಎದುರುಬದುರು ಇಡುತ್ತೇನೆ. ಒಂದು, ಕೆನಡಾದ ಬಯೋವೇರ್ ಕಂಪನಿ 2009ರಲ್ಲಿ ತಂದ 'ಡ್ರ್ಯಾಗನ್ ಏಜ್: ಒರಿಜಿನ್ಸ್'. ಇನ್ನೊಂದು, ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ತಂದ 'ಬಾಲ್ಡರ್ಸ್ ಗೇಟ್ 3'. ಎರಡೂ ಒಂದೇ ಬಳ್ಳಿಯ ಕಾಯಿ. 1998 ಮತ್ತು 2000ರಲ್ಲಿ ಬಂದ ಮೊದಲೆರಡು 'ಬಾಲ್ಡರ್ಸ್ ಗೇಟ್'ಗಳನ್ನು ಮಾಡಿದ್ದು ಬಯೋವೇರೇ. ಇವಕ್ಕೆಲ್ಲ ಬೇರು 1974ರಲ್ಲಿ ಅಮೆರಿಕದಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದು ಮೇಜಿನ ಸುತ್ತ ಕೂತು ದಾಳ ಉರುಳಿಸುವ ಆಟ. ನಡೆ ಇಷ್ಟೆ: ಆಡುವವರು ಒಂದು ಪಾತ್ರ ಕಟ್ಟಿಕೊಳ್ಳುತ್ತಾರೆ, ದಾರಿಯಲ್ಲಿ ಜೊತೆಗಾರರನ್ನು ಕೂಡಿಸಿಕೊಳ್ಳುತ್ತಾರೆ. ನಾಲ್ವರು ನಡೆಯುತ್ತಾರೆ, ಉಳಿದವರು ಬಿಡಾರದಲ್ಲಿ ಕಾಯುತ್ತಾರೆ. ಈ ನಾಲ್ವರ ಗುಂಪಿಗೆ 'ಪಾರ್ಟಿ' ಎನ್ನುತ್ತಾರೆ.

ಎರಡರಲ್ಲೂ ಮೊದಲ ಪರದೆ ಕೇಳುವುದು ನಮ್ಮೂರು ಕೇಳುವ ಪ್ರಶ್ನೆಯನ್ನೇ: ನೀನು ಯಾವ ಪೈಕಿ? ಮನುಷ್ಯ, ಎಲ್ಫ್, ಡ್ವಾರ್ಫ್ ಎಂಬ ಕುಲಗಳು ಮೊದಲು. ಆಮೇಲೆ 'ಕ್ಲಾಸ್'. ವರ್ಗಹೋರಾಟದ ಗೆಳೆಯರು ಹಿಗ್ಗಬೇಡಿ, ಇಲ್ಲಿ ಕ್ಲಾಸ್ ಅಂದರೆ ಕಸುಬು: ಕತ್ತಿ ಹಿಡಿಯುವವರು, ಮಂತ್ರ ಹಾಕುವವರು, ಕನ್ನ ಕೊರೆಯುವವರು. 'ಡ್ರ್ಯಾಗನ್ ಏಜ್'ನಲ್ಲಿ ಬಲ, ಬುದ್ಧಿಗಳ ಅಂಕ ಕುಲ ನೋಡಿ ಸಿಗುತ್ತದೆ. ಡ್ವಾರ್ಫ್ ಆಗಿ ಹುಟ್ಟಿದವರಿಗೆ ಮೈಕಟ್ಟಿನ ಅಂಕ ಹೆಚ್ಚು, ಮಂತ್ರವಿದ್ಯೆಯ ಬಾಗಿಲು ಮಾತ್ರ ಬಂದ್. ಮನುವಿಗೂ ಇದಕ್ಕೂ ಎಷ್ಟು ದೂರ, ನೀವೇ ಅಳೆಯಿರಿ.

'ಬಾಲ್ಡರ್ಸ್ ಗೇಟ್ 3' ಈ ಗಂಟನ್ನು ಬಿಚ್ಚಿದೆ. 11 ಕುಲ, 12 ಕಸುಬು. ಯಾವ ಕುಲದವರು ಯಾವ ಕಸುಬನ್ನಾದರೂ ಹಿಡಿಯಬಹುದು, ಹೆಚ್ಚಿನ ಅಂಕವನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಹಿಡಿದ ಕಸುಬು ಬೇಸರವಾಯಿತೋ, ವಿದರ್ಸ್ ಎಂಬ ಮುದುಕನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಬದಲಿಸಿಕೊಡುತ್ತಾನೆ. ಹಾಗಾದರೆ ಹೊಸದು ಪ್ರಗತಿಪರ, ಹಳೆಯದು ಪ್ರತಿಗಾಮಿ ಎಂದು ತೀರ್ಪು ಕೊಟ್ಟುಬಿಡೋಣವೇ? ಅವಸರ ಬೇಡ.

'ಡ್ರ್ಯಾಗನ್ ಏಜ್' ಆರಂಭಕ್ಕೆ 6 ಹುಟ್ಟುಗಳನ್ನು ಕೊಡುತ್ತದೆ. ಅದರಲ್ಲೊಂದು ಆರ್ಜಮರ್ ಎಂಬ ನೆಲದಡಿಯ ಡ್ವಾರ್ಫ್ ಪಟ್ಟಣದಲ್ಲಿ ಜಾತಿಯ ಹೊರಗಿಟ್ಟವರ ಹುಟ್ಟು. ದೊರೆ, ಯೋಧ, ಕಮ್ಮಾರ, ಗಣಿಯವನು, ವರ್ತಕ, ಆಳು ಎಂದು ಅಲ್ಲಿ ಮೆಟ್ಟಿಲುಗಳಿವೆ. ಮೆಟ್ಟಿಲುಗಳಿಗೂ ಕೆಳಗೆ ಈ ಪಂಚಮರು. ಮುಖದ ಮೇಲೆ ಹಚ್ಚೆಯ ಮುದ್ರೆ. ವಾಸ ಡಸ್ಟ್ ಟೌನ್‌ನಲ್ಲಿ, ಅಂದರೆ ಧೂಳುಕೇರಿಯಲ್ಲಿ. ಅಖಾಡದಲ್ಲಿ ಇವರು ಕತ್ತಿ ಹಿಡಿಯುವಂತಿಲ್ಲ. ಕುಡಿದು ಬಿದ್ದ ಯೋಧನೊಬ್ಬನ ಕವಚ ತೊಟ್ಟು ನಾಯಕ ಕಾಳಗಕ್ಕಿಳಿಯುತ್ತಾನೆ, ಗೆಲ್ಲುತ್ತಾನೆ. ಮುಖ ಕಂಡ ಕೂಡಲೇ ಗೆದ್ದವನಿಗೆ ಸಿಗುವುದು ಸೆರೆಮನೆ. ಏಕಲವ್ಯನ ಕತೆ ಕೇಳಿ ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಕೇ?

ಅಲ್ಲಿ ಗಂಡುಮಗುವಿಗೆ ತಂದೆಯ ಜಾತಿ, ಹೆಣ್ಣಿಗೆ ತಾಯಿಯ ಜಾತಿ. ಹಾಗಾಗಿ ನಾಯಕನ ಒಡಹುಟ್ಟಿದ ರಿಕಾಳನ್ನು ಸಿಂಗರಿಸಿ ದೊರೆಗಳ ಕಣ್ಣಿಗೆ ಬೀಳುವಂತೆ ಮಾಡುತ್ತಾರೆ. ದೊರೆಯೊಬ್ಬನಿಗೆ ಗಂಡು ಹೆತ್ತರೆ ಮಾತ್ರ ಮನೆಗೆ ಬಿಡುಗಡೆ. ಬಸವಿ ಬಿಡುವುದನ್ನು ಕಂಡ ನಮ್ಮ ಸೀಮೆಯ ಅವ್ವಂದಿರಿಗೆ ಈ ಲೆಕ್ಕಾಚಾರ ಗೊತ್ತು. ಆ ಪಟ್ಟಣದಲ್ಲಿ ವಂಶಾವಳಿಗಳ ದಾಖಲೆಯೊಂದಿದೆ. ಧೂಳುಕೇರಿಯವರ ಹೆಸರು ಅದರಲ್ಲಿ ಬರುವುದಿಲ್ಲ. ಆ ದಾಖಲೆಯ ಹೆಸರು 'ಮೆಮೊರೀಸ್'. ಕನ್ನಡದಲ್ಲಿ ಹೇಳಿದರೆ ಸ್ಮೃತಿ! ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಶೋಕ ಕೆತ್ತಿಸಿದ ಶಾಸನ ಬೇರೆಯೇ ಮಾತು ಹೇಳುತ್ತದೆ: ದೊಡ್ಡವರಷ್ಟೇ ಅಲ್ಲ, ಸಣ್ಣವರೂ ತಮ್ಮ ಪ್ರಯತ್ನದಿಂದ ಸ್ವರ್ಗ ಮುಟ್ಟಬಹುದು. ಆರ್ಜಮರ್‌ನಲ್ಲಿ ಆ ಬಂಡೆ ಇಲ್ಲ.

ಈಗ 'ಬಾಲ್ಡರ್ಸ್ ಗೇಟ್ 3'ರ ಕಡೆ ಬನ್ನಿ. ಇಲ್ಲೂ ಹೊರಗಿಟ್ಟವರಿದ್ದಾರೆ. ಎಲ್ಟುರೆಲ್ ಊರಿನಿಂದ ದಿಕ್ಕೆಟ್ಟು ಬಂದ ಟೀಫ್ಲಿಂಗರಿಗೆ ತಲೆಯಲ್ಲಿ ಕೊಂಬು, ರಕ್ತದಲ್ಲಿ ಪಿಶಾಚಿಯ ಅಂಶ ಎಂಬ ಅಪವಾದ. ತೋಪಿನಲ್ಲಿ ಆಶ್ರಯ ಕೊಟ್ಟವರೇ ಅವರನ್ನು ಆಚೆ ಅಟ್ಟಲು ನಿಂತಿದ್ದಾರೆ. ದೇವರ ವಿಗ್ರಹ ಮುಟ್ಟಿ ಕದ್ದಳೆಂದು ಅರಬೆಲ್ಲಾ ಎಂಬ ಪುಟ್ಟ ಹುಡುಗಿಯನ್ನು ಕಾಗಾ ಎಂಬ ಮುಖಂಡಳು ಹಾವಿನ ಮುಂದೆ ನಿಲ್ಲಿಸುತ್ತಾಳೆ. ಆಗ ನಾವು ನ್ಯಾಯ ಹೇಳಬೇಕು. ಹೇಗೆ? 20 ಮುಖದ ದಾಳ ಉರುಳಿಸಿ. ದಾಳ ಕೈಕೊಟ್ಟರೆ ಮಗು ಸಾಯಲೂಬಹುದು. ದೃಶ್ಯ ಕರುಳು ಹಿಂಡುತ್ತದೆ, ಸುಳ್ಳಲ್ಲ. ಆದರೆ ಟೀಫ್ಲಿಂಗರು ಯಾರೋ ಬಂದು ಉದ್ಧಾರ ಮಾಡಲೆಂದು ಕಾಯುವವರಾಗಿಯೇ ಉಳಿಯುತ್ತಾರೆ. ನಾವೇ ಟೀಫ್ಲಿಂಗ್ ಆಗಿ ಆಡಿದರೂ ಬದಲಾಗುವುದು ನಾಲ್ಕಾರು ಮಾತು, ದಾರಿಯಲ್ಲ. ಕೊಂಬು ಇಲ್ಲಿ ಒಡವೆಯಾಗಿಬಿಡುತ್ತದೆ.

ಈ ಆಟದ ಸತ್ಯ ಇರುವುದು ಕಾರ್ಲಕ್ ಎಂಬ ಜೊತೆಗಾರ್ತಿಯಲ್ಲಿ. ನಂಬಿ ದುಡಿದ ಒಡೆಯನೇ ಅವಳನ್ನು ನರಕದ ಯುದ್ಧಕ್ಕೆ ಮಾರಿದ್ದಾನೆ. ಎದೆಯಲ್ಲಿ ಹೃದಯದ ಬದಲು ಉರಿಯುವ ಯಂತ್ರ ಕೂಡಿಸಿದ್ದಾರೆ. ಆ ಒಡೆಯನನ್ನು ಕೊಂದ ಮೇಲೂ ಅವಳ ಉರಿ ಆರುವುದಿಲ್ಲ. ದುಡಿದು ಸುಟ್ಟುಹೋದ ಮೈಗೆ ಸೇಡು ಮದ್ದಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ಆಟ ನಾನು ಬೇರೆ ನೋಡಿಲ್ಲ. ಆದರೆ ಅವಳ ನೋವು ಅವಳೊಬ್ಬಳದೇ ಆಗಿ ನಿಲ್ಲುತ್ತದೆ, ಒಂದು ಕೇರಿಯ ನೋವಾಗುವುದಿಲ್ಲ.

ಹಾಗಂತ 'ಡ್ರ್ಯಾಗನ್ ಏಜ್'ಗೆ ಹಾರ ಹಾಕಲೂ ನಾನು ಸಿದ್ಧನಿಲ್ಲ. ಗ್ರೇ ವಾರ್ಡನ್ ಎಂಬ ಪಡೆಗೆ ಸೇರಿ ಮೇಲಕ್ಕೆ ಹೋದ ನಾಯಕ ಮತ್ತೆ ಆರ್ಜಮರ್‌ಗೆ ಬರುತ್ತಾನೆ. ಸಿಂಹಾಸನಕ್ಕೆ ಕಿತ್ತಾಡುವ ದೊರೆಗಳು ಅವನಿಗೆ ಕೊಡುವ ಕೆಲಸ ಏನು? ಧೂಳುಕೇರಿಯ ಕಳ್ಳಗುಂಪಿನ ಒಡತಿ ಜಾರ್ವಿಯಾಳನ್ನು ಮುಗಿಸುವುದು. ಅವಳ ಪಕ್ಕದಲ್ಲಿ ನಿಂತಿರುವವನು ಲೆಸ್ಕಿ, ಕೇರಿಯ ಹಳೆಯ ಜೊತೆಗಾರ. ಅವನನ್ನೂ ಕೊಂದೇ ಮುಂದೆ ಹೋಗಬೇಕು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ನನಗಿದು ಬರೀ ಮಾಯಾಲೋಕದ ಕತೆಯಾಗಿ ಕಾಣಲಿಲ್ಲ. ಹಾಸ್ಟೆಲಿನಲ್ಲಿ ಓದಿ, ನೌಕರಿ ಹಿಡಿದು, ಮೇಲಿನವರ ನೋಟೀಸು ಹಿಡಿದುಕೊಂಡು ನಮ್ಮ ಕೇರಿಗೇ ಬರುವ ಸರದಿ ನಮ್ಮಲ್ಲಿ ಯಾರಿಗೂ ಬರಬಹುದು.

ಆಮೇಲೆ ರಾಜನನ್ನು ಆರಿಸುವ ಕೆಲಸ. ಹ್ಯಾರೋಮಾಂಟ್ ಮಾತಿಗೆ ತಪ್ಪದ ಸಜ್ಜನ. ಅವನ ಆಳ್ವಿಕೆಯಲ್ಲಿ ಜಾತಿಯ ಕಟ್ಟು ಸಡಿಲವಾಗುವುದಿಲ್ಲ. ಬೇಲನ್ ಅಣ್ಣನನ್ನೇ ಕೊಲ್ಲಿಸಿದ ಕ್ರೂರಿ. ಅವನೇ ಧೂಳುಕೇರಿಯವರಿಗೆ ಬಾಗಿಲು ತೆರೆಯುತ್ತಾನೆ, ಜೊತೆಗೆ ಸಭೆಯನ್ನೂ ಮುಚ್ಚಿಸುತ್ತಾನೆ. 'ಗೌಡ್ರು ಭಾಳ ಒಳ್ಳೇರು ಕಣಪ್ಪಾ' ಎಂಬ ಮಾತನ್ನು ಹೊರಗೆ ನಿಂತು ಕೇಳಿದವರಿಗೆ, ಒಳ್ಳೆಯ ಮನುಷ್ಯ ಮತ್ತು ಕೆಟ್ಟ ವ್ಯವಸ್ಥೆ ಒಂದೇ ಮನೆಯಲ್ಲಿರಬಲ್ಲವು ಎಂದು ಗೊತ್ತು. ಇಷ್ಟನ್ನು ಆಟ ಧೈರ್ಯವಾಗಿ ಹೇಳಿದೆ. ಆದರೆ ಮೂರನೆಯ ದಾರಿ ಅದಕ್ಕೆ ಹೊಳೆಯಲೇ ಇಲ್ಲ. ಧೂಳುಕೇರಿ ತಾನಾಗಿ ಸಭೆ ಸೇರುವುದಿಲ್ಲ, ಬೇಡಿಕೆ ಇಡುವುದಿಲ್ಲ. ಬಿಡುಗಡೆ ಒಂದೋ ಒಬ್ಬ ಶೂರನ ಭುಜಬಲ, ಇಲ್ಲವೇ ಒಬ್ಬ ಸರ್ವಾಧಿಕಾರಿಯ ದಯೆ.

ನನ್ನ ತೂಕ ಹೀಗಿದೆ. ಹೊಸ ಆಟ ನಿಯಮದಲ್ಲಿ ಹುಟ್ಟನ್ನು ಹಗುರ ಮಾಡಿತು, ಅದರ ಜೊತೆ ಅವಮಾನದ ಕತೆಯನ್ನೂ ಹಗುರ ಮಾಡಿತು. ಹಳೆಯದು ನಿಯಮದಲ್ಲಿ ಹುಟ್ಟನ್ನು ಬಿಡಲಿಲ್ಲ, ಆದರೆ ಹುಟ್ಟು ಮೈಮೇಲೆ ಏನು ಮಾಡುತ್ತದೆಂದು ಮುಚ್ಚಿಡಲೂ ಇಲ್ಲ. ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಹಳೆಯದೇ. ಪಾರ್ಟಿ ಕಟ್ಟುವುದು ಎರಡಕ್ಕೂ ಗೊತ್ತು, ಸಂಘ ಕಟ್ಟುವುದು ಎರಡಕ್ಕೂ ಗೊತ್ತಿಲ್ಲ.

'ಬಾಲ್ಡರ್ಸ್ ಗೇಟ್ 3' ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಕೇಳುತ್ತದೆ; ನಮ್ಮ ಹಟ್ಟಿಗಳಲ್ಲಿ ಅಂಥ ಯಂತ್ರ ಎಷ್ಟು ಮನೆಯಲ್ಲಿದೆ? ಇರಲಿ, ಕತೆ ಬರೆಯಲು ಅಷ್ಟು ಜಾಗ ಬೇಡ. ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ, ಒಂದು ನೋಟ್‌ಬುಕ್ಕಿನಲ್ಲಿ ಶುರು ಮಾಡಿ. ಲೆಸ್ಕಿ ಜಾರ್ವಿಯಾಳ ಕಡೆ ಹೋದದ್ದು ಯಾಕೆ ಎಂದು ಅವನ ಬಾಯಲ್ಲೇ ಹೇಳಿಸಿ. ಬಿಡಾರದಲ್ಲಿ ಕಾಯುತ್ತಾ ಕೂತವರನ್ನೂ ಎಬ್ಬಿಸಿ, ಜೊತೆಗೆ ನಡೆಸಿ.